ತಲೆಯ ಮೇಲಣ ತಂತಿ

ಈಗ ಕೆಲಗೇರಿಯ ಮನೆಗಳಲ್ಲಿ ಗುಂಡಿಯನ್ನೊತ್ತಿದೊಡನೆ ದೀಪವು ಬೆಳಗುತ್ತದೆ. ಆದರೆ 1881ರಲ್ಲಿ ಪ್ಯಾರಿಸ್ ಪಟ್ಟಣದ ವಿದ್ಯುತ್ ಪ್ರದರ್ಶನದಲ್ಲಿ ಎಡಿಸನ್ನನ ದೀಪಗಳನ್ನು ಕಂಡ ಜನರು ಬೆರಗಾದರು. ಎಣ್ಣೆಯಿಲ್ಲ, ಬತ್ತಿಯಿಲ್ಲ, ಗಾಜಿನ ಬುರುಡೆಯೊಳಗೆ ಇದ್ದಲಾಗಿಸಿದ ಎಳೆಯೊಂದು ಮಾತ್ರ. ಒಳಗಿನ ಗಾಳಿಯನ್ನು ತೆಗೆದಿದ್ದರಿಂದ ಆ ಎಳೆಯು ಕಾದು ಬೆಳಗಿದರೂ ಬೇಗನೆ ಸುಟ್ಟುಹೋಗಲಿಲ್ಲ.

ಪ್ರದರ್ಶನದ ಬೆಳಕು ಊರುಗಳಿಗೆ ಬರಲು ಬಹು ವರ್ಷಗಳು ಹಿಡಿದವು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿಸಿದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪಗಳು ಬೆಳಗಿದವು. ತಂತಿಯು ಹಾದುಹೋದ ಹಳ್ಳಿಗಳ ಗುಡಿಸಲುಗಳಲ್ಲಾದರೋ ಎಣ್ಣೆಯ ದೀಪವೇ ಉರಿಯುತ್ತಿತ್ತು. ಶಕ್ತಿಯು ತಲೆಯ ಮೇಲೆಯೇ ಹರಿಯುತ್ತಿತ್ತು. ಮನೆಗೂ ತಂತಿಗೂ ಸಂಬಂಧವಿರಲಿಲ್ಲ.

ಆ ಹಳ್ಳಿಯವರಿಗೆ ಅದನ್ನು ಮನೆಗೆ ತರುವ ಉಪಾಯವಿರಲಿಲ್ಲ. ಕರ್ತನ ಬೆಳಕಾದರೋ ನಮಗೆ ಕ್ರಯವಿಲ್ಲದೆ ದೊರೆಯುತ್ತದೆ. ಹೀಗಿರುವಲ್ಲಿ ಆದಿತ್ಯವಾರ ವಾಕ್ಯವನ್ನು ಕೇಳಿ, ಪ್ರದರ್ಶನವನ್ನು ನೋಡಿದವರಂತೆ ಮೆಚ್ಚಿ, ಕತ್ತಲೆಯ ಮನೆಗೆ ಹಿಂತಿರುಗುವೆವೋ? ಜಗಳವೂ ಸುಳ್ಳೂ ಕುಡಿತವೂ ಮನೆಯಲ್ಲಿ ಉಳಿದಿದ್ದರೆ, ಬೆಳಕು ನಮ್ಮ ತಲೆಯ ಮೇಲಿಂದ ಹಾದುಹೋಯಿತೆಂದೇ ತಿಳಿಯಬೇಕು. ಆದಕಾರಣ ಪ್ರತಿದಿನದ ಪ್ರಾರ್ಥನೆಯಿಂದ ಆತನೊಂದಿಗೆ ಸೇರಿಕೊಂಡಿರೋಣ. ಆಗ ನೆರೆಯವರು ಸಹ ನಮ್ಮ ಬಾಗಿಲಲ್ಲಿ ಬೆಳಕನ್ನು ಕಾಣುವರು.