ಲೂಪಸ್: ರೋಗದ ಗತಿ ಮತ್ತು ಜೀವನದ ಗುಣಮಟ್ಟ

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ದೇಹದ ಅಂಗಾಂಗಗಳ ಮೇಲೆಯೇ ಎರಗುವ ದೀರ್ಘಕಾಲೀನ ರೋಗವೇ ಲೂಪಸ್. ಇದು ಅಂಟುರೋಗವಲ್ಲ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮಹಿಳೆಯರು. 1955ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ರೋಗ ಪತ್ತೆಯಾದ ನಾಲ್ಕು ವರ್ಷಗಳ ನಂತರ ಬದುಕುಳಿದಿದ್ದವರು ಸುಮಾರು ಅರ್ಧದಷ್ಟು ಮಾತ್ರ. ಇಂದು ಸಕಾಲಿಕ ಚಿಕಿತ್ಸೆಯಿಂದ ಬಹುಪಾಲು ರೋಗಿಗಳು ದೀರ್ಘಕಾಲ ಬಾಳುತ್ತಾರೆ.

ರೋಗದ ಮುಂದಿನ ಗತಿಯನ್ನು ಸೂಚಿಸುವ ಅಂಶಗಳಲ್ಲಿ ಮೂತ್ರಪಿಂಡಗಳ ಸ್ಥಿತಿ ಮುಖ್ಯವಾದುದು. ಅವುಗಳಿಗೆ ಹಾನಿಯಾಗುವಾಗ ಸಾಮಾನ್ಯವಾಗಿ ನೋವಿರುವುದಿಲ್ಲ. ಮೂತ್ರಪರೀಕ್ಷೆಯಲ್ಲಿ ಪ್ರೋಟೀನು ಕಂಡುಬರುತ್ತದೆ. ಚಿಕಿತ್ಸೆಯ ಮೊದಲ ವರ್ಷ ಮುಗಿಯುವ ವೇಳೆಗೆ ಅದರ ಪ್ರಮಾಣ ದಿನಕ್ಕೆ ಸುಮಾರು 0.7 ಗ್ರಾಂಗಿಂತ ಕೆಳಗಿಳಿದರೆ, ಮೂತ್ರಪಿಂಡಗಳು ಮುಂದೆಯೂ ಸುಸ್ಥಿತಿಯಲ್ಲಿರುವ ಸಂಭವ ಹೆಚ್ಚು. ಆದುದರಿಂದ ಯಾವ ತೊಂದರೆಯೂ ತೋರದಿದ್ದರೂ ಮೂತ್ರ ಹಾಗೂ ರಕ್ತದೊತ್ತಡದ ಪರೀಕ್ಷೆಗಳನ್ನು ತಪ್ಪಿಸಬಾರದು.

ಆದರೆ ಪರೀಕ್ಷೆಯ ಅಂಕಿಗಳು ಜೀವನದ ಗುಣಮಟ್ಟವನ್ನು ಪೂರ್ಣವಾಗಿ ತಿಳಿಸಲಾರವು. ವರದಿಗಳು ಉತ್ತಮವಾಗಿದ್ದಾಗಲೂ ತೀವ್ರ ದಣಿವು, ಕೀಲುನೋವು, ಖಿನ್ನತೆ ಬಾಧಿಸಬಹುದು. ಇದನ್ನು ಕುಟುಂಬದವರು ಸೋಮಾರಿತನವೆಂದು ಭಾವಿಸಬಾರದು. ರೋಗಿಯು ವೈದ್ಯರಿಂದ ಮುಚ್ಚಿಡಲೂಬಾರದು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯು ರೋಗ ಉಲ್ಬಣಿಸುವುದನ್ನು ಕಡಿಮೆ ಮಾಡುತ್ತದೆ. ಅದನ್ನಾಗಲಿ, ಸ್ಟೀರಾಯ್ಡ್ ಮಾತ್ರೆಯನ್ನಾಗಲಿ ವೈದ್ಯರ ಸಲಹೆಯಿಲ್ಲದೆ ನಿಲ್ಲಿಸುವುದು ಅಪಾಯಕರ.