ನಗರದ ಸಾಮಾನ್ಯ ಕೈಗಾರಿಕಾ ವಲಯ: ನಿಯಮಗಳು ಹುಟ್ಟಿದ ಬಗೆ, ನಮಗೆ ತಿಳಿದಿರಬೇಕಾದ್ದು

ಪೇಟೆಯ ಅಂಚಿಗೆ ತೋಟವಿರುವ ಸದಸ್ಯರಲ್ಲಿ ಹಲವರು ಈಚೆಗೆ ಸಂಘದ ಕಛೇರಿಗೆ ಬಂದಾಗ ಒಂದೇ ಪ್ರಶ್ನೆ ಕೇಳುತ್ತಾರೆ. “ನಮ್ಮ ಸರ್ವೆ ನಂಬರಿಗೆ ನಕ್ಷೆಯಲ್ಲಿ ನೇರಳೆ ಬಣ್ಣ ಬಳಿದಿದ್ದಾರಂತೆ, ಹಾಗಾದರೆ ತೋಟ ನಮ್ಮ ಕೈತಪ್ಪಿತೇ?” ಯೋಜನಾ ನಕ್ಷೆಗಳಲ್ಲಿ ಹಳದಿ ವಾಸದ ಮನೆಗಳಿಗೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ ಸಂದ ಬಣ್ಣಗಳು. ಬಣ್ಣ ಬಿದ್ದ ಮಾತ್ರಕ್ಕೆ ಜಮೀನು ಯಾರ ಕೈಯಿಂದಲೂ ಹೋಗುವುದಿಲ್ಲ. ಆದರೆ ಬಣ್ಣಕ್ಕೆ ಏನೂ ಬೆಲೆಯಿಲ್ಲವೆಂದು ಸುಮ್ಮನಿರುವುದೂ ಸರಿಯಲ್ಲ. ಇದರ ಮರ್ಮ ತಿಳಿಯಬೇಕಾದರೆ ಈ ಪದ್ಧತಿ ಬೆಳೆದ ಅಮೆರಿಕದ ಒಂದೆರಡು ಮೊಕದ್ದಮೆಗಳನ್ನು ನೋಡುವುದು ಉಪಯುಕ್ತ. ಅವುಗಳಲ್ಲಿ ಸಿಕ್ಕಿಕೊಂಡವರು ನಮ್ಮಂತೆಯೇ ಊರಂಚಿನ ಭೂಮಿ ಇದ್ದವರು.

ಮೊದಲನೆಯದು ಇಟ್ಟಿಗೆ ಗೂಡಿನ ಕಥೆ. ಲಾಸ್ ಏಂಜಲೀಸ್ ನಗರದ ಹೊರಗೆ ಹ್ಯಾಡಚೆಕ್ ಎಂಬುವರು 1902ರಲ್ಲಿ 8 ಎಕರೆ ಜಮೀನು ಕೊಂಡರು. ಅಲ್ಲಿನ ಜೇಡಿಮಣ್ಣು ಇಟ್ಟಿಗೆಗೆ ಬಹಳ ಶ್ರೇಷ್ಠವಾದದ್ದು. ಕೊಂಡಾಗ ಅದು ನಗರದ ಎಲ್ಲೆಯೊಳಗೆ ಇರಲಿಲ್ಲ, ಸುತ್ತಮುತ್ತ ಮನೆಗಳೂ ಹೆಚ್ಚಿರಲಿಲ್ಲ. ಮುಂದೆ ನಗರ ಬೆಳೆದು ಆ ಭಾಗವನ್ನು ತನ್ನೊಳಗೆ ಸೇರಿಸಿಕೊಂಡಿತು. ಮನೆಗಳು ಬಂದವು, ಹೊಗೆ ಮತ್ತು ದೂಳಿನ ದೂರುಗಳು ಬಂದವು, ಕೊನೆಗೆ ಆ ಪ್ರದೇಶದಲ್ಲಿ ಇಟ್ಟಿಗೆ ಸುಡಬಾರದೆಂಬ ನಗರಾಜ್ಞೆಯೂ ಬಂತು. ಇಟ್ಟಿಗೆಗಾದರೆ ತನ್ನ ಭೂಮಿಗೆ ಸುಮಾರು 8 ಲಕ್ಷ ಡಾಲರ್ ಬೆಲೆ, ಬೇರೆ ಯಾವುದಕ್ಕಾದರೂ 60 ಸಾವಿರ ಡಾಲರ್ ಮೀರದು ಎಂದು ಅವರು ವಾದಿಸಿದರು. ಮಣ್ಣು ತೆಗೆದು ತೆಗೆದು ಹೊಂಡಬಿದ್ದ ಆ ನೆಲದಲ್ಲಿ ಮನೆ ಕಟ್ಟುವುದೂ ಆಗುವಂತಿರಲಿಲ್ಲ. ಆದರೂ 1915ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನಗರದ ಪರವಾಗಿಯೇ ತೀರ್ಪಿತ್ತಿತು. ಪರಿಹಾರವೆಂದು ಒಂದು ಡಾಲರೂ ಸಿಗಲಿಲ್ಲ. “ನಾನು ಮೊದಲೇ ಇದ್ದವನು” ಎಂಬ ವಾದ ನಗರದ ಮುಂದೆ ಯಾವಾಗಲೂ ನಿಲ್ಲುವುದಿಲ್ಲ ಎಂಬುದನ್ನು ಪಲ್ಪರ್, ಅಡಿಕೆ ಬೇಯಿಸುವ ಒಲೆ, ಹಲ್ಲರ್ ಇಟ್ಟುಕೊಂಡಿರುವ ನಾವು ಗಮನದಲ್ಲಿಡಬೇಕು.

ಎರಡನೆಯದು ಇದಕ್ಕಿಂತ ಹೆಸರಾದ ಯೂಕ್ಲಿಡ್ ಮೊಕದ್ದಮೆ. ಓಹಾಯೋ ಸಂಸ್ಥಾನದಲ್ಲಿ ಕ್ಲೀವ್‌ಲ್ಯಾಂಡ್ ನಗರಕ್ಕೆ ತಗುಲಿಕೊಂಡಿರುವ ಊರು ಯೂಕ್ಲಿಡ್. ಆಗ ಅದರ ವಿಸ್ತೀರ್ಣ 12ರಿಂದ 14 ಚದರ ಮೈಲಿ, ಜನಸಂಖ್ಯೆ ಐದು ಹತ್ತು ಸಾವಿರದೊಳಗೆ, ನೆಲದ ಬಹುಭಾಗ ಬೇಸಾಯದ್ದು ಅಥವಾ ಖಾಲಿ ಬಿದ್ದದ್ದು. ಕ್ಲೀವ್‌ಲ್ಯಾಂಡಿನ ಕಾರ್ಖಾನೆಗಳು ರೈಲು ದಾರಿಯ ಗುಂಟ ತಮ್ಮ ಕಡೆಗೇ ಬರುತ್ತಿವೆಯೆಂದು ಕಂಡ ಆ ಊರಿನವರು 1922ರ ನವೆಂಬರಿನಲ್ಲಿ ಇಡೀ ಊರನ್ನು ಬಳಕೆಯ ವಲಯಗಳಾಗಿ ವಿಂಗಡಿಸಿ ಆಜ್ಞೆ ಮಾಡಿದರು. ಯು-1 ಎಂದರೆ ಒಂದು ಕುಟುಂಬದ ಮನೆಗಳು. ಬೇಸಾಯ, ತರಕಾರಿ ತೋಟವೂ ಅದರಲ್ಲೇ ಸೇರಿತ್ತು. ಮೇಲೇರುತ್ತ ಹೋದಂತೆ ಎರಡು ಕುಟುಂಬದ ಮನೆ, ವಠಾರ, ಹೋಟೆಲು, ಅಂಗಡಿ, ಉಗ್ರಾಣ. ಕೊನೆಗೆ ಯು-6. ಕಾರ್ಖಾನೆಗಳು, ಎಣ್ಣೆ ಸಂಗ್ರಹ, ಕೊಳಚೆ ಶುದ್ಧೀಕರಣ, ಹಳೇ ಕಬ್ಬಿಣದ ರಾಶಿ, ಸೆರೆಮನೆ, ಸ್ಮಶಾನ, ಒಟ್ಟಿನಲ್ಲಿ ಬೇರೆಲ್ಲೂ ಬೇಡವೆನಿಸಿದ್ದೆಲ್ಲ ಅಲ್ಲಿಗೆ. ಇದೇ ಇಂದಿನ ಸಾಮಾನ್ಯ ಕೈಗಾರಿಕಾ ವಲಯದ ಮೂಲಪುರುಷ ಎನ್ನಬಹುದು. ಎಲ್ಲಿಯೂ ಕೂಡದು ಎಂಬ ಏಳನೆಯ ಪಟ್ಟಿಯೂ ಒಂದಿತ್ತು.

ಆ್ಯಂಬ್ಲರ್ ರಿಯಾಲ್ಟಿ ಎಂಬ ಕಂಪನಿಗೆ ಅಲ್ಲಿ 68 ಎಕರೆ ಇತ್ತು. ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ರೈಲು. ಕಾರ್ಖಾನೆಗಾದರೆ ಎಕರೆಗೆ 10,000 ಡಾಲರ್, ಮನೆಗಳಿಗಾದರೆ 2,500 ಡಾಲರ್ ಎಂದು ಕಂಪನಿ ಲೆಕ್ಕ ಕೊಟ್ಟಿತು. ನಕ್ಷೆಯಲ್ಲಿ ಹೆದ್ದಾರಿಯಿಂದ ಒಳಕ್ಕೆ 620 ಅಡಿ ಎರಡು ಕುಟುಂಬದ ಮನೆಗಳಿಗೆ, ಅದರಾಚೆ 130 ಅಡಿ ವಠಾರಗಳಿಗೆ, ಉಳಿದದ್ದು ಮಾತ್ರ ರೈಲಿನ ಕಡೆಗೆ ಯು-6. ಕೆಳಗಿನ ನ್ಯಾಯಾಲಯದಲ್ಲಿ ಕಂಪನಿ ಗೆದ್ದಿತು. 1926ರ ನವೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯ 6ಕ್ಕೆ 3ರ ಬಹುಮತದಿಂದ ಅದನ್ನು ತಿರುಗಿಸಿತು. ಸದರ್ಲೆಂಡ್ ಎಂಬ ನ್ಯಾಯಮೂರ್ತಿಗಳು ಬರೆದ ತೀರ್ಪಿನಲ್ಲಿ ಒಂದು ಹೋಲಿಕೆ ಬರುತ್ತದೆ: ಹಂದಿ ಕೊಟ್ಟಿಗೆಯಲ್ಲಿದ್ದರೆ ಸರಿ, ನಡುಮನೆಗೆ ಬಂದರೆ ಪೀಡೆ; ತಪ್ಪು ಹಂದಿಯದಲ್ಲ, ಜಾಗದ್ದು. ಇಡೀ ವಲಯ ಶಾಸ್ತ್ರ ಈ ಮಾತಿನಲ್ಲೇ ಅಡಗಿದೆ. ಸ್ವಾರಸ್ಯವೆಂದರೆ ಅದೇ ಭೂಮಿಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಜನರಲ್ ಮೋಟಾರ್ಸಿನ ಕಾರ್ಖಾನೆ ಎದ್ದು ನಿಂತಿತು. ನಕ್ಷೆ ಕಲ್ಲಿನ ಮೇಲಿನ ಬರಹವಲ್ಲ.

ಹಾಗೆಂದು ನ್ಯಾಯಾಲಯ ನಗರಗಳಿಗೆ ಪೂರ್ತಿ ಹಗ್ಗ ಬಿಟ್ಟುಕೊಡಲಿಲ್ಲ. ಎರಡೇ ವರ್ಷಗಳ ಮೇಲೆ, 1928ರಲ್ಲಿ, ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದ ನೆಕ್ಟೋ ಎಂಬುವರ ದಾವೆ ಬಂತು. ಅವರ ಜಮೀನಿನ ನೆರೆಯಲ್ಲೇ ಫೋರ್ಡ್ ಕಾರ್ಖಾನೆ, ಸಾಬೂನಿನ ಕಾರ್ಖಾನೆ. ಆದರೂ ಅದರಲ್ಲಿ 100 ಅಡಿ ಅಗಲದ ಪಟ್ಟಿಯನ್ನು ಮಾತ್ರ ವಾಸದ ವಲಯಕ್ಕೆ ಸೇರಿಸಿದ್ದರು. ಕಾರ್ಖಾನೆಗಳ ಮಗ್ಗುಲಲ್ಲಿ ಮನೆಯೆಂದು ಗೆರೆ ಎಳೆದರೆ ಸಾರ್ವಜನಿಕರಿಗೆ ಏನು ಪ್ರಯೋಜನವೆಂದು ಅದೇ ಸದರ್ಲೆಂಡ್‌ರವರು ಆ ಗೆರೆಯನ್ನು ಅನೂರ್ಜಿತಗೊಳಿಸಿದರು. ಯೂಕ್ಲಿಡಿನಲ್ಲಿ ಇಡೀ ಪದ್ಧತಿಯನ್ನೇ ಪ್ರಶ್ನಿಸಿದ ಕಂಪನಿ ಸೋತಿತು. ಕೇಂಬ್ರಿಜಿನಲ್ಲಿ ತನ್ನ ಒಂದು ತುಂಡು ನೆಲದ ಬಗ್ಗೆ ಸಾಕ್ಷ್ಯಸಮೇತ ಹೋದವನು ಗೆದ್ದ. ತಕರಾರು ಬರೆಯುವವರು ಈ ವ್ಯತ್ಯಾಸವನ್ನು ಚೆನ್ನಾಗಿ ಮನನ ಮಾಡಬೇಕು.

ಇನ್ನು ನಿಯಮಗಳ ಒಳಗುಟ್ಟು. ಯೂಕ್ಲಿಡಿನ ಪದ್ಧತಿ ಮೆಟ್ಟಿಲಿನಂತೆ. ಮೇಲಿನ ವಲಯದಲ್ಲಿ ಕೆಳಗಿನವೆಲ್ಲಕ್ಕೂ ಅವಕಾಶ, ಅಂದರೆ ಮನೆಯ ವಲಯದಲ್ಲಿ ಕಾರ್ಖಾನೆ ಕೂಡದು, ಆದರೆ ಕಾರ್ಖಾನೆಯ ವಲಯದಲ್ಲಿ ಮನೆ ಕಟ್ಟಬಹುದು. ಇದರ ದೋಷ ಕಾಲಕ್ರಮದಲ್ಲಿ ತಿಳಿಯಿತು. ಅಗ್ಗದ ನೆಲವೆಂದು ಬಡವರು ಚಿಮಣಿಯ ಬುಡದಲ್ಲಿ ಮನೆ ಮಾಡಿದರು. ಆಮೇಲೆ ಅವರ ಆರೋಗ್ಯವೂ ಕೆಟ್ಟಿತು, ಕಾರ್ಖಾನೆಗೂ ದೂರಿನ ಕಾಟ ಹತ್ತಿತು. ನ್ಯೂಯಾರ್ಕ್ ನಗರದಲ್ಲಿ 1916ರ ಮೊದಲ ನಿಯಮಾವಳಿ ಕಾರ್ಖಾನೆಗಳಿಗೆಂದು ಕೊಟ್ಟದ್ದು ‘ನಿರ್ಬಂಧವಿಲ್ಲದ’ ವಲಯ. 1961ರ ಹೊಸ ನಿಯಮಾವಳಿ ಅದನ್ನು ತೆಗೆದು ಎಂ-1, ಎಂ-2, ಎಂ-3 ಎಂದು ಹಗುರ, ಮಧ್ಯಮ, ಭಾರಿ ಎಂಬ ಮೂರು ತರಗತಿ ಮಾಡಿತು, ಅಲ್ಲಿ ಹೊಸ ಮನೆಗಳನ್ನು ನಿಲ್ಲಿಸಿತು. ನಮ್ಮ ದೇಶದಲ್ಲಿ ಈ ಅಂತರದ ಬೆಲೆ ಎಷ್ಟೆಂಬುದನ್ನು 1984ರ ಡಿಸೆಂಬರಿನಲ್ಲಿ ಭೋಪಾಲ ತೋರಿಸಿತು. ಅನಿಲ ಸೋರಿದ ಕಾರ್ಖಾನೆಯ ಎದುರಿಗೇ ಜನವಸತಿ ಇತ್ತು.

1961ರ ನ್ಯೂಯಾರ್ಕ್ ನಿಯಮದಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ಕಾರ್ಖಾನೆಯ ಹೆಸರು ನೋಡಿ ನಿರ್ಣಯಿಸುವ ಬದಲು ಅದು ಹೊರಗೆ ಬಿಡುವುದನ್ನು ಅಳೆದು ನಿರ್ಣಯಿಸುವ ಕ್ರಮ ಅದು. ಸದ್ದು, ಕಂಪನ, ಹೊಗೆ, ವಾಸನೆ, ವಿಷವಸ್ತು, ಬೆಂಕಿಯ ಅಪಾಯ, ಇವುಗಳಿಗೆ ಮಿತಿ ಹಾಕಿದರು. ಎಂ-1ರಲ್ಲಿ ಬಿಗಿ, ಎಂ-3ರಲ್ಲಿ ಸಡಿಲ. ಕಾಫಿ ಹುರಿಯುವ ಕೆಲಸವನ್ನೇ ತೆಗೆದುಕೊಳ್ಳಿ. ಹೆಸರಿಗೆ ಸಾಧು ಉದ್ಯಮ, ಆದರೆ ಹೊಗೆಯೂ ಘಾಟೂ ಸಾಲುಮನೆಗಳವರಿಗೆ ಸಹ್ಯವಲ್ಲ. ಹೊಗೆ ಹಿಡಿಯುವ ಸಾಧನ ಹಾಕಿದರೆ ಅದೇ ಉದ್ಯಮಕ್ಕೆ ಯಾರ ತಕರಾರೂ ಇರಲಾರದು. ಆ ನಗರ ತನ್ನ ಬಳಕೆಗಳ ಪಟ್ಟಿಯನ್ನು 2024ರಲ್ಲಿ ಮತ್ತೆ ಹೊಸದಾಗಿ ಜೋಡಿಸಿತು.

ಸಾಮಾನ್ಯ ಕೈಗಾರಿಕಾ ವಲಯದ ನಿಯಮ ಯಾವ ಊರಿನದಾದರೂ ಓದುವ ಕ್ರಮ ಒಂದೇ. ತನ್ನಷ್ಟಕ್ಕೆ ಅನುಮತಿಯಿರುವ ಬಳಕೆಗಳು ಒಂದು ಕಡೆ, ವಿಶೇಷ ಅಪ್ಪಣೆ ಪಡೆದು ಷರತ್ತಿನ ಮೇಲೆ ಮಾಡಬಹುದಾದವು ಇನ್ನೊಂದು ಕಡೆ ಇರುತ್ತವೆ. ಪಟ್ಟಿಯಲ್ಲಿ ಇಲ್ಲದ್ದು ಸಾಮಾನ್ಯವಾಗಿ ಇಲ್ಲವೆಂದೇ ಅರ್ಥ. ಆಮೇಲೆ ರಸ್ತೆಯಿಂದ, ನೆರೆಯವರಿಂದ ಬಿಡಬೇಕಾದ ಅಂತರ, ಎತ್ತರ, ಲಾರಿ ನಿಲುಗಡೆ. ಅನೇಕರು ಪಟ್ಟಿಯನ್ನು ಮಾತ್ರ ಓದಿ ಅಂತರವನ್ನು ಓದದೆ ಷೆಡ್ಡಿನ ಪಾಯ ತೋಡಿಬಿಡುತ್ತಾರೆ. ಮೊದಲಿನಿಂದ ನಡೆದು ಬಂದ, ಈಗಿನ ವಲಯಕ್ಕೆ ಹೊಂದದ ಬಳಕೆಯನ್ನು ಸಾಮಾನ್ಯವಾಗಿ ಮುಂದುವರಿಸಲು ಬಿಡುತ್ತಾರೆ, ಆದರೆ ಬೆಳೆಸಲು ಬಿಡುವುದಿಲ್ಲ. ನಿಲ್ಲಿಸಿದರಂತೂ ಹಕ್ಕು ಹೋದೀತು. ನ್ಯೂಯಾರ್ಕಿನ 1961ರ ನಿಯಮದಲ್ಲಿ ಎಡೆಬಿಡದೆ 2 ವರ್ಷ ನಿಂತರೆ ಅಂಥ ಹಕ್ಕು ತೀರಿತು ಎಂದಿತ್ತು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ನಮ್ಮಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಅದರಂತೆ ಯೋಜನಾ ಪ್ರಾಧಿಕಾರ ಮಹಾಯೋಜನೆ ತಯಾರಿಸುತ್ತದೆ, ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಆ ಕಾನೂನಿನ ಹಿಡಿತ ಮುಖ್ಯವಾಗಿ ಬಳಕೆಯ ಬದಲಾವಣೆಯ ಮೇಲೆ, ಹೊಸ ಕಟ್ಟಡದ ಮೇಲೆ. ಇರುವ ಅಡಿಕೆ ತೋಟಕ್ಕೆ ಗೊಬ್ಬರ ಹಾಕಿ ಕೊಯ್ಲು ಮಾಡಲು ಬಣ್ಣ ಅಡ್ಡಬರುವುದಿಲ್ಲ. ಹಾಗೆಯೇ ನೇರಳೆ ಬಿದ್ದ ಕೂಡಲೇ ನೆಲ ತಾನಾಗಿ ಕೈಗಾರಿಕೆಯ ನೆಲವೂ ಆಗುವುದಿಲ್ಲ. ಬೇಸಾಯದ ಭೂಮಿಯನ್ನು ಬೇರೆ ಬಳಕೆಗೆ ತಿರುಗಿಸಲು 1964ರ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದ ಹಾದಿಯೇ ಬೇರೆ. ಅದರ ಕ್ರಮ ಈಚಿನ ವರ್ಷಗಳಲ್ಲಿ ಹಲವು ತಿದ್ದುಪಡಿ ಕಂಡಿದೆ. ಆದ್ದರಿಂದ ಹಳೆಯ ನಮೂನೆ ಹಿಡಿದು ಓಡಾಡದೆ ತಾಲ್ಲೂಕು ಕಛೇರಿಯಲ್ಲಿ ವಿಚಾರಿಸಿಯೇ ಅರ್ಜಿ ಹಾಕಬೇಕು. ಮಹಾಯೋಜನೆಯಲ್ಲಿ ತೋರಿಸಿದ ಬಳಕೆಯನ್ನೇ ಬದಲಿಸಬೇಕಾದರೆ ಯೋಜನಾ ಅಧಿನಿಯಮದ 14-ಎ ಪ್ರಕರಣವಿದೆ.

ಜನರಲ್ಲಿ ಅತಿ ದೊಡ್ಡ ಗೊಂದಲವಿರುವುದು ಇನ್ನೊಂದು ಕಡೆ. ಮಹಾಯೋಜನೆಯ ಕೈಗಾರಿಕಾ ವಲಯ ಬೇರೆ, 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದ ಕೈಗಾರಿಕಾ ಪ್ರದೇಶ ಬೇರೆ. ಮೊದಲನೆಯದರಲ್ಲಿ ನೆಲ ನಿಮ್ಮದಾಗಿಯೇ ಇರುತ್ತದೆ, ಏನು ಕಟ್ಟಬಹುದೆಂಬುದಕ್ಕೆ ಮಾತ್ರ ಕಟ್ಟಳೆ. ಎರಡನೆಯದರಲ್ಲಿ 28ನೇ ಪ್ರಕರಣದ ಮೇರೆಗೆ ಭೂಮಿಯನ್ನೇ ಸ್ವಾಧೀನಕ್ಕೆ ತೆಗೆದುಕೊಳ್ಳುವ ಅಧಿಕಾರವಿದೆ. ಆ ನೋಟೀಸು ಬಂದರೆ ತಲುಪಿದ 30 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಬಣ್ಣ ನೋಡಿ ಹೆದರಿ, ಸ್ವಾಧೀನವಾಗುತ್ತದೆಂಬ ದಲ್ಲಾಳಿಯ ಮಾತು ನಂಬಿ ಅಗ್ಗಕ್ಕೆ ಕ್ರಯ ಬರೆದುಕೊಡುವುದು ಬೇಡ. ನೋಟೀಸು ಬಂದಾಗ ಅದನ್ನೂ ಬಣ್ಣದ ವಿಷಯವೆಂದು ತಿಳಿದು ಕಪಾಟಿನಲ್ಲಿಡುವುದಂತೂ ಬೇಡವೇ ಬೇಡ.

ಕರಡು ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಕಂಡರೆ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ಬರವಣಿಗೆಯಲ್ಲಿಯೇ ಅಭಿಪ್ರಾಯ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. “ನಮಗೆ ಕೈಗಾರಿಕೆ ಬೇಡ” ಎಂಬ ಒಂದು ಸಾಲಿನ ಅರ್ಜಿಗೆ ತೂಕ ಬರುವುದಿಲ್ಲ. ನೆಕ್ಟೋ ಮಾಡಿದಂತೆ ನೆಲದ ಸಂಗತಿ ಹೇಳಬೇಕು. ಪಹಣಿಯಲ್ಲಿರುವ ಬೆಳೆ, ಮರಗಳ ವಯಸ್ಸು, ಹಳ್ಳ ಹರಿಯುವ ದಿಕ್ಕು, ಕೆಳಗಿನ ತೋಟಗಳಿಗೆ ಅದೇ ನೀರು ಹೋಗುವುದು, ಲಾರಿ ಬರಲಾರದ ರಸ್ತೆಯ ಅಗಲ. ಇವುಗಳ ಜೊತೆಗೆ ಗ್ರಾಮನಕ್ಷೆಯ ಪ್ರತಿ ಲಗತ್ತಿಸಿ. ನೆರೆಯ ಹಿಡುವಳಿದಾರರು ಬೇರೆ ಬೇರೆಯಾಗಿ ತಮ್ಮ ತಮ್ಮ ನೆಲದ ವಿವರ ಬರೆದುಕೊಟ್ಟರೆ ಒಂದೇ ಒಕ್ಕಣೆಗೆ ಎಲ್ಲರ ಸಹಿ ಹಾಕಿದ್ದಕ್ಕಿಂತ ಮೇಲು. ಮನೆಯ ಹತ್ತಿರ ಹಲ್ಲರ್ ಅಥವಾ ಡ್ರೈಯರ್ ಇರುವವರು ಅದು ಯಾವ ವರ್ಷದಿಂದ ನಡೆಯುತ್ತಿದೆ ಎಂಬುದಕ್ಕೆ ಪರವಾನಗಿ, ವಿದ್ಯುತ್ ಬಿಲ್ಲು, ತೆರಿಗೆ ರಸೀತಿಗಳನ್ನು ಒಂದು ಕಡತದಲ್ಲಿ ಸೇರಿಸಿಡಿ.