ಮಾನ್ಯಖೇಟವೆಂಬ ಮಳಖೇಡ

ಯಾದಗಿರಿ ಸೀಮೆಯ ರಾಮಸಮುದ್ರದಿಂದ ಉತ್ತರಕ್ಕೆ ಸೇಡಂ ಮಾರ್ಗವಾಗಿ ಹೊರಟವರಿಗೆ ಕಾಗಿಣಾ ನದಿಯ ದಡದಲ್ಲಿ ಮಳಖೇಡವೆಂಬ ಗ್ರಾಮವು ದೊರೆಯುತ್ತದೆ. ಸುತ್ತ ತೊಗರಿಯ ಹೊಲಗಳು; ಊರೊಳಗೆ ಹಳೆಯ ಕೋಟೆ, ನೇಮಿನಾಥನ ಬಸದಿ, ಮಾಧ್ವರ ಉತ್ತರಾದಿ ಮಠ. ಇವಿಷ್ಟನ್ನು ನೋಡಲು ಅರ್ಧ ದಿವಸ ಸಾಕು. ಅರಮನೆಯನ್ನು ಅರಸಿ ಬಂದವರು "ಇಲ್ಲೇನಿದೆ?" ಎಂದು ಮರಳುವುದುಂಟು. ಕಣ್ಣಿಗೆ ಕಂಡುದರಿಂದಲೇ ಹಿರಿಮೆಯನ್ನು ಅಳೆಯುವುದು ಲೋಕದ ರೂಢಿಯಲ್ಲವೆ?

ಇದೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದನು. ಕನ್ನಡದಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ಅತಿ ಪ್ರಾಚೀನವಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತು. ಈ ವಂಶದ ದೊರೆಯನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು 851ರ ಅರಬ್ಬೀ ಬರವಣಿಗೆಯೊಂದು ಎಣಿಸಿದೆ.

ಇದಕ್ಕಿಂತಲೂ ವಿಚಾರಾರ್ಹವಾದ ಸಂಗತಿಯು 871ರ ಸಂಜಾನ ತಾಮ್ರಶಾಸನದಲ್ಲಿದೆ. ಪ್ರಜೆಗಳಿಗೆ ಒದಗಿದ ಉಪದ್ರವವನ್ನು ನೀಗಲೆಂದು ನೃಪತುಂಗನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಒಪ್ಪಿಸಿದನಂತೆ. ದೇಹವನ್ನೇ ದೇಗುಲವೆಂದು ತಿಳಿಯುವ ಶರಣಮಾರ್ಗದವರು ಅಂಗಚ್ಛೇದವನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ಪ್ರಜೆಯ ನೋವನ್ನು ತನ್ನ ಮೈಯ ನೋವಾಗಿ ಬಗೆದ ಅರಸನ ಮನಸ್ಸನ್ನು ತಳ್ಳಿಹಾಕುವುದು ನ್ಯಾಯವಲ್ಲ. ಒಂದು ದಿನ ಬೆರಳನ್ನು ಕೊಡುವುದು ಹೆಚ್ಚೋ, ದಿನದಿನವೂ ಬೆವರಿನ ಅನ್ನವನ್ನು ದಾಸೋಹಕ್ಕೆ ನೀಡುವುದು ಹೆಚ್ಚೋ ಎಂಬುದನ್ನು ಗೃಹಸ್ಥರು ಮನೆಯಲ್ಲಿ ಕುಳಿತು ಯೋಚಿಸತಕ್ಕದ್ದು.

ಮಾನ್ಯಖೇಟದ ಭಂಡಾರವು ಬಹುಮಟ್ಟಿಗೆ ದಂಡಯಾತ್ರೆಯಿಂದಲೂ ಕಪ್ಪಕಾಣಿಕೆಯಿಂದಲೂ ತುಂಬಿದುದು. 972ರಲ್ಲಿ ಮಾಳವದ ಸೀಯಕನು ಬಂದು ನಗರವನ್ನು ಸೂರೆಗೈದನು; ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು. ಮುಂದೆ ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದನು. ಅಲ್ಲಿಂದಾಚೆಗೆ ಮಾನ್ಯಖೇಟವು ಮೆಲ್ಲಮೆಲ್ಲನೆ ಮಳಖೇಡವಾಯಿತು.

ಆ ಕಲ್ಯಾಣದಲ್ಲಿಯೇ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅವರ ಕೈಯಲ್ಲಿದ್ದ ಬೀಗದ ಕೈಯೂ ರಾಜಭಂಡಾರದ್ದೇ. ಆದರೆ ಮಹಾಮನೆಯ ದಾಸೋಹಕ್ಕೆ ಆಧಾರವಾದುದು ಕಾಯಕ. ಕಲ್ಯಾಣವೂ ಕೆಟ್ಟಿತು, ಅರಸೊತ್ತಿಗೆಯೂ ಅಲ್ಲಿ ನಿಲ್ಲಲಿಲ್ಲ. ಚೆನ್ನಬಸವಣ್ಣನವರೊಡನೆ ಶರಣರು ಉಳವಿಯತ್ತ ಹೊರಟಾಗ ವಚನದ ಕಟ್ಟುಗಳನ್ನು ಹೊತ್ತು ನಡೆದರೆಂದು ಪರಂಪರೆಯು ಹೇಳುತ್ತದೆ. ಬಂಗಾರವನ್ನು ಹೊತ್ತರೆಂದು ಎಲ್ಲಿಯೂ ಹೇಳಿಲ್ಲ.

ಮಳಖೇಡಕ್ಕೆ ಹೋಗುವ ಭಕ್ತರು ಮಕ್ಕಳನ್ನೂ ಕರೆದೊಯ್ಯಲಿ. ಕೋಟೆಯನ್ನು ತೋರಿಸಿದ ಬಳಿಕ ಕಾಗಿಣೆಯ ದಡಕ್ಕೂ ಇಳಿಯಲಿ. ಅಂದು ರಾಜಧಾನಿಯ ಪಕ್ಕದಲ್ಲಿ ಹರಿದ ಆ ಹೊಳೆಯು ಇಂದಿಗೂ ಭೀಮೆಯನ್ನು ಕೂಡಿ, ಯಾದಗಿರಿಯ ಬಳಿಯಲ್ಲಿಯೇ ಸಾಗಿ, ಕೃಷ್ಣೆಯನ್ನು ಸೇರುತ್ತದೆ.